ಹುರುಳಿರುವ ಚೀಲ

ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಕತ್ತಿನ ಮೇಲೋ ಸೊಂಟಕ್ಕೋ ಇಟ್ಟುಕೊಳ್ಳುವ ಶಾಖದ ಚೀಲ ಇದೆಯಲ್ಲ, ಅದನ್ನು ಮನೆಯಲ್ಲೇ ಹೊಲಿದುಕೊಳ್ಳೋಣ ಅಂತ ಹೊರಟವರಿಗೆಲ್ಲ ಮೊದಲು ಎದುರಾಗೋ ಪ್ರಶ್ನೆ ಒಂದೇ. ಒಳಗೆ ಏನು ತುಂಬೋದು? ಅಕ್ಕಿಯಾ, ಗೋಧಿಯಾ, ಉಪ್ಪಾ, ಅಗಸೆ ಬೀಜವಾ? ಉತ್ತರ ಹೇಳುವವರು ಹತ್ತು ಜನ ಸಿಗ್ತಾರೆ, ಹತ್ತೂ ಉತ್ತರ ಬೇರೆ ಬೇರೆ. ಆದರೆ ಎಲ್ಲರ ಕೈಯಲ್ಲಿರೋ ಅಳತೆಗೋಲು ಮಾತ್ರ ಒಂದೇ: "ಯಾವುದು ಜಾಸ್ತಿ ಹೊತ್ತು ಬಿಸಿ ಹಿಡಿಯುತ್ತೋ ಅದೇ ಒಳ್ಳೇದು."

ನನ್ನ ತಕರಾರು ಇರೋದು ಈ ಅಳತೆಗೋಲಿನ ಮೇಲೆ. ಜಾಸ್ತಿ ಹೊತ್ತು ಬಿಸಿ ಇರೋದು ಒಳ್ಳೆಯ ಗುಣ ಅಲ್ಲ. ಎಷ್ಟೋ ಮನೆಗಳಲ್ಲಿ ಅದೇ ಅಪಾಯ.

ಇದೂ ಒಂದು ಬರೆಯೋ ವಿಷಯವಾ ಮಾರಾಯ ಅಂತ ನಗಬೇಡಿ. ದಿನಕ್ಕೆ ಹತ್ತು ಗಂಟೆ ಮಾನಿಟರ್ ನೋಡಿ ಕತ್ತು ಕೊಂಕಿಸಿಕೊಂಡಿರೋ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದು ಜೀವನ್ಮರಣದ ಪ್ರಶ್ನೆ :) ತಮಾಷೆ ಇರಲಿ, ಯಾಕೆ ಗಂಭೀರವಾಗಿ ಹೇಳ್ತಿದ್ದೀನಿ ಅನ್ನೋದು ಸ್ವಲ್ಪ ಮುಂದೆ ಗೊತ್ತಾಗುತ್ತೆ.

ಮೊದಲು ನಮ್ಮಲ್ಲಿ ಹಿಂದಿನಿಂದ ಇದ್ದದ್ದನ್ನ ನೋಡೋಣ. ಶಾಖ ಕೊಡೋದು ನಮಗೆ ಹೊಸದೇನಲ್ಲ. ನಮ್ಮ ಅರಸೀಕೆರೆ ಕಡೆ ಅಜ್ಜಿಯಂದಿರು ಕಬ್ಬಿಣದ ಬಾಣಲೆಯಲ್ಲಿ ಕಲ್ಲುಪ್ಪನ್ನ ಚಟಪಟ ಅನ್ನೋವರೆಗೆ ಹುರಿದು, ಹಳೇ ಪಂಚೆ ತುಂಡಿನಲ್ಲಿ ಗಂಟು ಕಟ್ಟಿ ನೋವಿದ್ದ ಕಡೆ ಒತ್ತೋರು. ಆಯುರ್ವೇದದಲ್ಲಿ ಮರಳು ಕಾಯಿಸಿ ಗಂಟು ಕಟ್ಟಿ ಕೊಡೋ ಶಾಖಕ್ಕೆ ವಾಲುಕಾ ಸ್ವೇದ ಅನ್ನೋ ಹೆಸರೇ ಇದೆ. ಬಾಣಂತಿಯ ಸೊಂಟಕ್ಕೆ, ಮಂಡಿ ಹಿಡಿದುಕೊಂಡ ತಾತನಿಗೆ, ಕಿವಿನೋವಿನ ಮಗುವಿಗೆ ಕೆನ್ನೆಯ ಪಕ್ಕ, ಎಲ್ಲದಕ್ಕೂ ಉಪ್ಪಿನ ಗಂಟೇ.

ಹಾಗಾಗಿ ಮೈಕ್ರೋವೇವ್ ಬಂದ ಮೇಲೆ ನಮ್ಮವರು ಮೊದಲು ಕೇಳೋದು "ಉಪ್ಪನ್ನೇ ಚೀಲಕ್ಕೆ ಹಾಕಿ ಓವನ್‌ನಲ್ಲಿ ಇಟ್ಟರೆ ಆಯ್ತಲ್ವಾ?" ಅಂತ. ಆಗಲ್ಲ. ಯಾಕೆ ಅಂತ ತಿಳಿದರೆ ತುಂಬೋ ವಸ್ತುವಿನ ಅರ್ಧ ಲೆಕ್ಕ ಬಗೆಹರಿದ ಹಾಗೆ.

ಬಾಣಲೆ ಹೊರಗಿನಿಂದ ಕಾಯಿಸುತ್ತೆ. ಅದಕ್ಕೆ ಉಪ್ಪಾದರೇನು, ಮರಳಾದರೇನು, ಮುಟ್ಟಿದ್ದೆಲ್ಲ ಕಾಯಬೇಕು. ಮೈಕ್ರೋವೇವ್ ಹಾಗಲ್ಲ. ಅದರ 2450 ಮೆಗಾಹರ್ಟ್ಸ್ ಅಲೆಗಳು ಮುಖ್ಯವಾಗಿ ಹುಡುಕಿಕೊಂಡು ಹೋಗೋದು ನೀರನ್ನ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಅಲೆ ದಿಕ್ಕು ಬದಲಿಸಿದ ಹಾಗೆಲ್ಲ ಅಣುಗಳೂ ತಿರುಗೋಕೆ ಹೋಗಿ ಒಂದಕ್ಕೊಂದು ತಾಕಿ ಬಿಸಿಯಾಗ್ತವೆ. ಒಣಗಿದ ಉಪ್ಪಿನ ಹರಳಿನಲ್ಲಿ ತಿರುಗೋಕೆ ಅಂಥದ್ದೇನೂ ಇಲ್ಲ. ಒಣ ಮರಳಿನಲ್ಲೂ ಇಲ್ಲ. ಅವು ಸುಮ್ಮನೆ ಕೂತಿರ್ತವೆ.

ಹಾಗಂತ ನಮ್ಮ ಮನೆಯ ಉಪ್ಪು ಪೂರ್ತಿ ಒಣಗಿರೋದೂ ಇಲ್ಲ. ಮಳೆಗಾಲದಲ್ಲಿ ಕಲ್ಲುಪ್ಪಿನ ಡಬ್ಬಿ ಹೇಗೆ ನೀರು ಬಿಟ್ಟುಕೊಳ್ಳುತ್ತೆ ಅಂತ ಎಲ್ಲರೂ ನೋಡಿದ್ದೀವಿ. ಆ ಪಸೆಯಿರೋ ಉಪ್ಪು ಓವನ್‌ನಲ್ಲಿ ಚೆನ್ನಾಗೇ ಬಿಸಿಯಾಗುತ್ತೆ, ಅದೂ ಪಸೆ ಎಲ್ಲಿ ಜಾಸ್ತಿ ಇದೆಯೋ ಅಲ್ಲಿ ಮಾತ್ರ. ಅಂದ್ರೆ ಅದೇ ಚೀಲ, ಅದೇ ಒಂದು ನಿಮಿಷ, ಬೇಸಿಗೆಯಲ್ಲಿ ತಣ್ಣಗೆ, ಜುಲೈನಲ್ಲಿ ಕೆಂಡ. ಮೈಮೇಲೆ ಇಡೋ ವಸ್ತು ಇಷ್ಟು ಚಂಚಲ ಆಗಿರಬಾರದು. ಉಪ್ಪು ಬಾಣಲೆಗೇ ಸರಿ.

ಮತ್ತೆ ಬೇಕಾಗಿದ್ದೇನು? ತನ್ನೊಳಗೇ ಒಂದು ಲೆಕ್ಕದ ನೀರು ಇಟ್ಟುಕೊಂಡಿರೋ ಒಣ ವಸ್ತು. ಅದೇ ಧಾನ್ಯ. ಒಣಗಿಸಿಟ್ಟ ಕಾಳಿನಲ್ಲೂ ನೂರಕ್ಕೆ ಹತ್ತು ಹನ್ನೆರಡು ಭಾಗ ನೀರು ಇರುತ್ತೆ. ಅರ್ಧ ಕೆಜಿ ಕಾಳು ಅಂದ್ರೆ ಅದರಲ್ಲಿ 50-60 ಗ್ರಾಂ ನೀರು. ಓವನ್ ಬಿಸಿ ಮಾಡೋದು ಬಹುಮಟ್ಟಿಗೆ ಅದನ್ನ. ಚೀಲ ಮೈಗೆ ತಾಗಿದಾಗ ಸ್ವಲ್ಪ ಹಬೆಹಬೆಯಾಗಿ ಹಿತ ಅನ್ನಿಸೋದೂ ಆ ನೀರಿನಿಂದಲೇ.

ಈಗ ಒಂದೊಂದಾಗಿ ನೋಡೋಣ.

ಅಕ್ಕಿ: ಎಲ್ಲರ ಮನೆಯಲ್ಲೂ ಇರುತ್ತೆ, ಚೆನ್ನಾಗಿ ಬಿಸಿಯಾಗುತ್ತೆ. ಆದರೆ ನಾಲ್ಕು ಸಲ ಬಿಸಿ ಮಾಡೋದರೊಳಗೆ ಇಡೀ ರೂಮು ಅನ್ನಕ್ಕಿಟ್ಟ ವಾಸನೆ. ಬೇಗ ಒಣಗಿ ಪುಡಿಯೂ ಆಗುತ್ತೆ. ತಾತ್ಕಾಲಿಕಕ್ಕೆ ಪರವಾಗಿಲ್ಲ. ಒಂದು ಹತ್ತಿ ಕಾಲುಚೀಲಕ್ಕೆ ಅಕ್ಕಿ ತುಂಬಿ ಬಾಯಿ ಕಟ್ಟಿದರೆ ಇವತ್ತು ರಾತ್ರಿಯ ಕತ್ತುನೋವು ಕಳೆಯುತ್ತೆ.

ಗೋಧಿ: ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಇದೇ ರೂಢಿ, ಅಲ್ಲಿ ಈ ಚೀಲಕ್ಕೇ ವೀಟ್ ಬ್ಯಾಗ್ ಅಂತ ಹೆಸರು. ಕಾಳು ಗಟ್ಟಿ, ಕೆಲಸಕ್ಕೆ ಒಳ್ಳೇದು. ಆದರೆ ಅತಿಯಾಗಿ ಕಾಯಿಸಿ ಬೆಂಕಿ ಹತ್ತಿದ ಪ್ರಕರಣಗಳೂ ಅಲ್ಲಿಂದಲೇ ಬಂದಿವೆ. ಬ್ರಿಟನ್ನಿನಲ್ಲಿ 2004ರಲ್ಲಿ ಇದಕ್ಕಾಗಿಯೇ ಬಿಎಸ್ 8433 ಅನ್ನೋ ಮಾನದಂಡ ಬಂತು. ಒಂದು ಚೀಲ ಗೋಧಿಗೆ ಮಾನದಂಡ ಅಂದ್ರೆ ಯೋಚನೆ ಮಾಡಿ.

ರಾಗಿ: ನೋಡೋಕೆ ಆಸೆ ಆಗುತ್ತೆ, ಮರಳಿನ ಹಾಗೆ ಹರಿದು ಮೈಗೆ ಅಂಟಿಕೊಂಡು ಕೂರುತ್ತೆ. ಆದರೆ ಹೊಲಿಗೆ ಸ್ವಲ್ಪ ಸಡಿಲ ಆದರೂ ಹಾಸಿಗೆ ತುಂಬ ರಾಗಿ. ಸಣ್ಣ ಕಾಳು ಒತ್ತೊತ್ತಾಗಿ ಕೂರೋದರಿಂದ ಚೀಲದೊಳಗೆ ಗಾಳಿಯಾಡೋದೂ ಕಡಿಮೆ.

ಜೋಳ, ಮೆಕ್ಕೆಜೋಳ, ಭತ್ತ: ಬೇಡ. ಅರಳು ಹುರಿಯೋದು ಇವುಗಳಿಂದ ತಾನೇ? ಸಮಯ ಸ್ವಲ್ಪ ಹೆಚ್ಚಾದರೆ ಚೀಲದೊಳಗೇ ಅರಳು. ಮೈಕ್ರೋವೇವ್ ಓವನ್ ಹುಟ್ಟಿದ ಕಾಲದಲ್ಲೇ, 1945ರ ಸುಮಾರಿಗೆ, ಪರ್ಸಿ ಸ್ಪೆನ್ಸರ್ ಅನ್ನೋ ಎಂಜಿನಿಯರ್ ಮೊದಮೊದಲು ಪ್ರಯೋಗ ಮಾಡಿ ನೋಡಿದ ಪದಾರ್ಥಗಳಲ್ಲಿ ಮೆಕ್ಕೆಜೋಳದ ಅರಳೂ ಒಂದು. ನಾವು ಅದನ್ನ ಕತ್ತಿನ ಮೇಲೆ ಪುನಃ ಮಾಡೋದು ಬೇಡ.

ಅಗಸೆ ಬೀಜ: ರೀಲ್ಸ್‌ಗಳಲ್ಲಿ ಸದ್ಯದ ಹೀರೋ ಇದು. ನುಣುಪಾಗಿದೆ, ಜಾರುತ್ತೆ, ಬಿಸಿಯನ್ನ ಬಹಳ ಹೊತ್ತು ಹಿಡಿಯುತ್ತೆ ಅಂತ ಹೊಗಳಿಕೆ. ಆದರೆ ಅಗಸೆಯಲ್ಲಿ ನೂರಕ್ಕೆ ನಲವತ್ತರಷ್ಟು ಎಣ್ಣೆ. ಮತ್ತೆ ಮತ್ತೆ ಬಿಸಿ ಮಾಡಿದ ಎಣ್ಣೆ ಏನಾಗುತ್ತೆ? ಕಮಟು ಹಿಡಿಯುತ್ತೆ. ನೀರಿರೋವರೆಗೆ ಕಾಳಿನ ಬಿಸಿಗೆ ನೂರು ಡಿಗ್ರಿ ಸುತ್ತಮುತ್ತ ಒಂದು ತಡೆ ಇರುತ್ತೆ, ಎಣ್ಣೆಗೆ ಆ ತಡೆ ಇಲ್ಲ. ಎಣ್ಣೆ ಬೀಜ ಚಟ್ನಿಪುಡಿಗಿರಲಿ.

ಹುರುಳಿ: ನನ್ನ ಓಟು ಇದಕ್ಕೆ. ದುಂಡಗೆ ಚಪ್ಪಟೆ, ಗಟ್ಟಿ ಸಿಪ್ಪೆ, ಪುಡಿಯಾಗಲ್ಲ, ಹೊಲಿಗೆಯಿಂದ ನುಸುಳಲ್ಲ. ಎಣ್ಣೆಯ ಅಂಶ ನೂರಕ್ಕೆ ಒಂದರಷ್ಟೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜಾಸ್ತಿ ಕಾದರೆ ಸುಮ್ಮನಿರೋ ಕಾಳಲ್ಲ ಇದು. ಹುರಿದ ಹುರುಳಿಯ ವಾಸನೆ ಅಡುಗೆಮನೆಯಿಂದ ಹಾಲ್‌ವರೆಗೆ ಬಂದು ಹೇಳುತ್ತೆ, "ಸಾಕು, ತೆಗಿ" ಅಂತ. ಹುರುಳಿಕಟ್ಟಿನ ಸಾರು ಮಾಡೋ ಮನೆಯವರಿಗೆ ಆ ವಾಸನೆ ಪರಿಚಯ ಮಾಡಿಕೊಡಬೇಕಾಗಿಲ್ಲ.

ಇಂಗ್ಲೆಂಡಿನವರು ಗೋಧಿ ತುಂಬಿದರು. ಜರ್ಮನಿ, ಸ್ವಿಟ್ಜರ್ಲೆಂಡ್‌ನವರು ಹಣ್ಣು ತಿಂದು ಉಳಿದ ಚೆರ್ರಿ ಬೀಜ ತೊಳೆದು ಒಣಗಿಸಿ ತುಂಬಿದರು. ಎಲ್ಲರೂ ತಮ್ಮ ಮನೆಯಲ್ಲಿ ಇದ್ದದ್ದನ್ನೇ ತುಂಬಿದ್ದು, ಯಾರೂ ಆನ್‌ಲೈನಿನಲ್ಲಿ ತರಿಸಿಕೊಂಡಿದ್ದಲ್ಲ. ನಮ್ಮ ಬಯಲುಸೀಮೆಯ ಮನೆಯಲ್ಲಿ ಇರೋದು ಹುರುಳಿ.

ಸರಿ, ಈಗ ಆ ಅಳತೆಗೋಲಿಗೆ ಬರ್ತೀನಿ. ಸ್ವಲ್ಪ ಲೆಕ್ಕ, ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಬೇಡವೇ?

ಒಂದು ಕೆಜಿ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4.2 ಕಿಲೋಜೂಲ್ ಬೇಕು. ಒಂದು ಕೆಜಿ ಧಾನ್ಯಕ್ಕೆ ಒಂದೂವರೆಯಿಂದ ಎರಡರೊಳಗೆ, 1.7 ಅಂತಿಟ್ಟುಕೊಳ್ಳೋಣ. ಅರ್ಧ ಕೆಜಿ ಕಾಳಿನ ಚೀಲ 60 ಡಿಗ್ರಿಯಿಂದ 40ಕ್ಕೆ ಇಳಿಯುವಾಗ ಕೊಡೋ ಶಾಖ 17 ಕಿಲೋಜೂಲ್. ಒಂದು ಲೀಟರ್ ನೀರು ತುಂಬಿದ ರಬ್ಬರ್ ಬ್ಯಾಗ್ ಅಷ್ಟೇ ಇಳಿಯುವಾಗ ಕೊಡೋದು 84. ಹತ್ತಿರ ಹತ್ತಿರ ಐದು ಪಟ್ಟು!

ಅಂದ್ರೆ ಜಾಸ್ತಿ ಹೊತ್ತು ಬಿಸಿ ಬೇಕು ಅನ್ನೋದೇ ಗುರಿಯಾಗಿದ್ದರೆ ಮೆಡಿಕಲ್ ಶಾಪಿನ ರಬ್ಬರ್ ಬ್ಯಾಗು ಯಾವತ್ತೋ ಗೆದ್ದಾಗಿದೆ. ಕಾಳು ತುಂಬಿ, ಹೊಲಿಗೆ ಹಾಕಿ, ಇಷ್ಟೆಲ್ಲ ಒದ್ದಾಡೋದೇ ಬೇಡ. ಕಾಳಿನ ಚೀಲದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಕತ್ತಿನ ಸುತ್ತ ಬಾಗುತ್ತೆ, ಮುಚ್ಚಳ ಬಿಚ್ಚಿ ಕುದಿನೀರು ಚೆಲ್ಲಲ್ಲ, ಇಪ್ಪತ್ತು ಮೂವತ್ತು ನಿಮಿಷಕ್ಕೆ ತಾನಾಗೇ ತಣ್ಣಗಾಗುತ್ತೆ. ಈ ಕೊನೆಯದನ್ನ ಎಲ್ಲರೂ ದೋಷ ಅಂತಾರೆ. ನಾನು ಅದನ್ನೇ ಮೊದಲ ಗುಣ ಅಂತೀನಿ.

ಯಾಕೆ ಅಂತ ಹೇಳೋಕೆ ನಮ್ಮಮ್ಮನ ವಿಷಯ ಹೇಳಬೇಕು.

ಅಮ್ಮನಿಗೆ ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ. ಡಾಕ್ಟರು ಪಾದದ ಅಲ್ಲಲ್ಲಿ ಒಂದು ನೈಲಾನ್ ಎಳೆ ಮುಟ್ಟಿಸಿ, "ಗೊತ್ತಾಗ್ತಿದೆಯಾ?" ಅಂತ ಕೇಳೋ ಪರೀಕ್ಷೆ ಒಂದಿದೆ. ಅಮ್ಮ ಕಣ್ಣು ಮುಚ್ಚಿಕೊಂಡು "ಹೂಂ" ಅಂದದ್ದು ಕಮ್ಮಿ, ಸುಮ್ಮನಿದ್ದದ್ದೇ ಜಾಸ್ತಿ. ಆ ಕೋಣೆಯಲ್ಲಿ ಅಮ್ಮನ ಸುಮ್ಮನಿರುವಿಕೆ ಕೇಳಿಸಿಕೊಂಡು ನಿಂತಿದ್ದು ನಾನು. ಪಾದದಿಂದ ಶುರುವಾಗಿ ಮೇಲೇರುತ್ತಾ ಸ್ಪರ್ಶ ಕಡಿಮೆಯಾಗ್ತಾ ಬರುತ್ತೆ, ಕಾಲುಚೀಲ ಹಾಕಿಕೊಂಡ ಹಾಗೆ.

ಚಳಿಗಾಲದಲ್ಲಿ ಊರಿಗೆ ಹೋದಾಗ ಅಮ್ಮನ ಮಂಡಿಗೆ ಅಂತ ಚೀಲ ಬಿಸಿ ಮಾಡಿ ಕೊಟ್ಟೆ. ಮಂಡಿಗೆ ಇಟ್ಟುಕೊಂಡವಳು ಸ್ವಲ್ಪ ಹೊತ್ತಿಗೆ ಅದನ್ನ ಕೆಳಗೆ ಜಾರಿಸಿ ಪಾದದ ಹತ್ತಿರ ಒಯ್ದು, "ಇದೇನು ಬಿಸಿನೇ ಇಲ್ಲ ಕಣೋ, ಇನ್ನೊಂದು ನಿಮಿಷ ಇಟ್ಟು ತಗೊಂಬಾ" ಅಂದಳು. ನಾನು ಚೀಲ ಮುಟ್ಟಿ ನೋಡಿದೆ. ಚೆನ್ನಾಗೇ ಬಿಸಿ ಇತ್ತು. ಬಿಸಿ ಇಲ್ಲದೇ ಹೋಗಿದ್ದು ಚೀಲದಲ್ಲಲ್ಲ.

ಈಗ ಹೇಳಿ, ಈ ಮನೆಗೆ ಜಾಸ್ತಿ ಹೊತ್ತು ಬಿಸಿ ಹಿಡಿಯೋ ಚೀಲ ಬೇಕಾ?

ಚರ್ಮ ಸುಡೋದಕ್ಕೆ ತಾಪ ಒಂದೇ ಕಾರಣ ಅಲ್ಲ, ಎಷ್ಟು ಹೊತ್ತು ಅನ್ನೋದೂ ಅಷ್ಟೇ ಮುಖ್ಯ. 1947ರಲ್ಲೇ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಅನ್ನೋ ಸಂಶೋಧಕರು ಇದನ್ನ ಅಳೆದು ತೋರಿಸಿದ್ದರು. 60 ಡಿಗ್ರಿ ತಾಗಿದರೆ ಕೆಲವೇ ಸೆಕೆಂಡು ಸಾಕು. ಆದರೆ ಬರೀ 44 ಡಿಗ್ರಿ, ಅಂದ್ರೆ ಹಿತವಾದ ಸ್ನಾನದ ನೀರಿಗಿಂತ ಚೂರು ಹೆಚ್ಚು, ಅದೂ ಆರು ಗಂಟೆ ಹೊತ್ತು ಅಲ್ಲೇ ಇದ್ದರೆ ಸುಡುತ್ತೆ. ನಮಗೆ ನಿಮಗಾದರೆ ಉರಿ ಅನ್ನಿಸಿ ನಿದ್ದೆಯಲ್ಲೂ ಒದ್ದು ದೂಡ್ತೀವಿ. ಗೊತ್ತೇ ಆಗದ ಕಾಲು ಅಲ್ಲೇ ಇರುತ್ತೆ. ಸಕ್ಕರೆ ಕಾಯಿಲೆಯವರ ಪಾದದ ಗಾಯ ಮಾಯೋದು ಎಷ್ಟು ಕಷ್ಟ, ಅದು ಎಲ್ಲಿಯವರೆಗೆ ಹೋಗಿ ಮುಟ್ಟಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮೆಲ್ಲರ ನೆಂಟರಲ್ಲೂ ಅಂಥ ಒಬ್ಬರಾದರೂ ಇರ್ತಾರೆ.

ಇಲ್ಲಿ ನನಗೆ ಅಜ್ಜಿಯ ಉಪ್ಪಿನ ಗಂಟಿನ ಬುದ್ಧಿವಂತಿಕೆ ಅರ್ಥ ಆಗೋದು. ಅದು ಉಪ್ಪಿನಲ್ಲಿ ಇರಲಿಲ್ಲ. ಗಂಟನ್ನ ಹಿಡಿದಿದ್ದು ಅಜ್ಜಿಯ ಕೈ. ಮೊದಲು ತನ್ನ ಮುಂಗೈಗೆ ತಾಗಿಸಿ ನೋಡೋಳು, ಆಮೇಲೆ ನೋವಿನ ಜಾಗಕ್ಕೆ ಒತ್ತೋಳು, ಎರಡು ಕ್ಷಣಕ್ಕೆ ತೆಗೆಯೋಳು, ಪಕ್ಕಕ್ಕೆ ಸರಿಸಿ ಮತ್ತೆ ಒತ್ತೋಳು. ಸುಟ್ಟರೆ ಮೊದಲು ಅಜ್ಜಿಗೇ ಗೊತ್ತಾಗಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಅದು ಕ್ಲೋಸ್ಡ್ ಲೂಪ್ ಸಿಸ್ಟಮ್, ಒಳ್ಳೇ ಸೆನ್ಸರ್ ಸಮೇತ. ಮೈಕ್ರೋವೇವ್ ಚೀಲ ಬಂದು ಅಜ್ಜಿಗೆ ರಜಾ ಕೊಟ್ಟಿತು. ಓವನ್ ಟಿಂಗ್ ಅಂದಾಗ ತೆಗೆದು, ಮೈಮೇಲೆ ಹಾಕಿಕೊಂಡು, ಸೀರಿಯಲ್ ನೋಡ್ತಾ ಕೂರೋದು. ಲೂಪ್ ಓಪನ್. ಹೇಳೋರು ಕೇಳೋರು ಯಾರೂ ಇಲ್ಲ.

ಲೂಪಿನಲ್ಲಿ ಮನುಷ್ಯ ಇಲ್ಲ ಅಂದಮೇಲೆ ಆ ಕೆಲಸದ ಒಂದು ಪಾಲಾದರೂ ಒಳಗಿರೋ ಕಾಳು ಮಾಡಬೇಕು. ಬೇಗ ತಣ್ಣಗಾಗಬೇಕು, ಅತಿಯಾದರೆ ವಾಸನೆ ಕೊಟ್ಟು ಕೂಗಬೇಕು. ಹುರುಳಿ ಎರಡನ್ನೂ ಮಾಡುತ್ತೆ. ಅಗಸೆ ಮೊದಲನೆಯದನ್ನ ಮಾಡಲ್ಲ ಅಂತ ಅದನ್ನ ಹೊಗಳೋರೇ ಹೇಳ್ತಿದ್ದಾರೆ.

ಕರೆಂಟಿನ ಹೀಟಿಂಗ್ ಪ್ಯಾಡ್ ತಂದರೆ ಇಷ್ಟೆಲ್ಲ ಯಾಕೆ ಅಂತ ಗೆಳೆಯರೊಬ್ಬರು ಕೇಳಿದರು. ತಾನಾಗೇ ಆಫ್ ಆಗೋ ವ್ಯವಸ್ಥೆ ಇದ್ದರೆ ನನ್ನ ಅಭ್ಯಂತರ ಇಲ್ಲ. ಅದಿಲ್ಲದ ಪ್ಯಾಡು ಬೆಳಗಿನವರೆಗೂ ಬಿಸಿಯಾಗೇ ಇರುತ್ತೆ, ಮಲಗಿದವರು ಏಳಲಿ ಬಿಡಲಿ.

ಮಾಡೋರಿಗೆ ಒಂದಿಷ್ಟು ಲೆಕ್ಕಾಚಾರ:

ಅಳತೆ. ಅರ್ಧ ಕೆಜಿ ಸಾಕು, ಚೀಲ ಮುಕ್ಕಾಲು ಭಾಗ ತುಂಬಿರಲಿ, ಇಲ್ಲದಿದ್ದರೆ ಬಾಗಲ್ಲ. ನಡುವೆ ಎರಡು ಹೊಲಿಗೆ ಹಾಕಿ ಮೂರು ಮನೆ ಮಾಡಿದರೆ ಕಾಳೆಲ್ಲ ಒಂದೇ ಕಡೆ ಸೇರಲ್ಲ. ಹೊಲಿಯೋ ಮುಂಚೆ ಕಾಳನ್ನ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಟ್ಟರೆ ಹುಳದ ಮೊಟ್ಟೆ ಸಾಯುತ್ತೆ. ಆಮೇಲೆ ಹರವಿ ಪಸೆ ಆರಿಸಿ ತುಂಬಿ.

ಬಟ್ಟೆ. ಅಪ್ಪಟ ಹತ್ತಿ, ದಾರವೂ ಹತ್ತಿಯದೇ. ಪಾಲಿಯೆಸ್ಟರ್ ಕರಗುತ್ತೆ. ಅಮ್ಮನ ಹಳೇ ಸೀರೆಯಲ್ಲಿ ಹೊಲಿಯೋದಾದರೆ ಜರಿ ಅಂಚು ಕತ್ತರಿಸಿ ತೆಗೀರಿ. ಜರಿ, ಜಿಪ್, ಪಿನ್ನು, ಹುಕ್ಕು ಯಾವುದೂ ಓವನ್ ಒಳಗೆ ಹೋಗಬಾರದು, ಕಿಡಿ ಹಾರುತ್ತೆ.

ಸಮಯ. ಅರ್ಧ ಕೆಜಿ ಕಾಳನ್ನ 25 ಡಿಗ್ರಿಯಿಂದ 60ಕ್ಕೆ ಏರಿಸೋಕೆ ಬೇಕಾಗೋದು 30 ಕಿಲೋಜೂಲ್. 800 ವ್ಯಾಟ್ ಓವನ್‌ನ ಅರ್ಧ ಶಕ್ತಿ ಮಾತ್ರ ಕಾಳಿಗೆ ತಲುಪಿದರೂ ಒಂದೂಕಾಲು ನಿಮಿಷ. ಮೂರು ನಿಮಿಷ ಇಡಿ ಅನ್ನೋರ ಮಾತು ಕೇಳಿದರೆ ಅದೇ ಲೆಕ್ಕದಲ್ಲಿ ನೂರು ಡಿಗ್ರಿ ದಾಟುತ್ತೆ. ಮೂವತ್ತು ಮೂವತ್ತು ಸೆಕೆಂಡು ಇಟ್ಟು, ನಡುವೆ ತೆಗೆದು ಕುಲುಕಿ. ಚೀಲ ಮಡಚಿಡಬೇಡಿ, ತಟ್ಟೆಯ ಜೊತೆ ಅದು ತಿರುಗ್ತಿರಬೇಕು. ಪಕ್ಕದಲ್ಲಿ ಒಂದು ಲೋಟ ನೀರಿಡಿ. ಓವನ್ ಬಿಟ್ಟು ಅತ್ತಿತ್ತ ಹೋಗಬೇಡಿ. ಒಮ್ಮೆ ಬಳಸಿದ್ದು ಪೂರ್ತಿ ತಣ್ಣಗಾಗೋವರೆಗೆ ಮತ್ತೆ ಓವನ್ನಿಗೆ ಬೇಡ.

ತೂಕ. ಇದನ್ನ ಯಾರೂ ಹೇಳಲ್ಲ. ಹೊಲಿದ ದಿನ ಚೀಲವನ್ನ ತೂಗಿ, ತೂಕವನ್ನ ಬಟ್ಟೆಯ ಮೇಲೇ ಬರೆದಿಡಿ. ಬಿಸಿ ಮಾಡಿದ ಹಾಗೆಲ್ಲ ನೀರು ಆರುತ್ತೆ, ಒಣಗಿದ ಚೀಲ ಸರಿಯಾಗಿ ಬಿಸಿಯಾಗಲ್ಲ, ನಾವು ಸಮಯ ಹೆಚ್ಚಿಸ್ತೀವಿ, ಕಾಳು ಸೀಯುತ್ತೆ. 20 ಗ್ರಾಂ ಇಳಿದಿದ್ದರೆ ಸಮಯ ಹೆಚ್ಚಿಸಬೇಡಿ, ನಾಲ್ಕು ದಿನ ಗಾಳಿಗೆ ಬಿಡಿ, ಪಸೆ ತಾನೇ ಹೀರಿಕೊಳ್ಳುತ್ತೆ. ಸೀದ ವಾಸನೆ ಒಮ್ಮೆ ಬಂದರೆ ಆ ಕಾಳಿನ ಕಥೆ ಮುಗೀತು, ಎಸೆದು ಹೊಸದು ತುಂಬಿ. ಹುರುಳಿ ಏನು ಬಂಗಾರ ಅಲ್ಲವಲ್ಲ.

ಮೈಮೇಲೆ. ಒಂದು ನಿಮಿಷ ಬಿಟ್ಟು, ಚೆನ್ನಾಗಿ ನಾದಿ, ಮುಂಗೈಗೆ ತಾಗಿಸಿ ನೋಡಿ, ನಡುವೆ ಟವೆಲ್ ಇಟ್ಟು, ಇಪ್ಪತ್ತು ನಿಮಿಷ. ಇಟ್ಟುಕೊಂಡು ನಿದ್ದೆ ಹೋಗಬಾರದು. ಉಳುಕಿ ಊದಿಕೊಂಡ ಮೊದಲ ಎರಡು ದಿನ ಶಾಖ ಬೇಡ. ಸ್ಪರ್ಶ ಕಳೆದುಕೊಂಡ ಜಾಗಕ್ಕೆ, ಹಸುಗೂಸಿಗೆ ಯಾವ ಕಾಳಿನದೂ ಬೇಡ.

ಅಮ್ಮನ ಪಾದಕ್ಕೆ ಈಗ ಎರಡು ಜೊತೆ ಉಣ್ಣೆಯ ಕಾಲುಚೀಲ. ಚೀಲ ಕತ್ತಿಗೆ, ಭುಜಕ್ಕೆ ಮಾತ್ರ. ಅದನ್ನ ಬಿಸಿ ಮಾಡೋದು ಅಪ್ಪ, ಮುಟ್ಟಿ ನೋಡೋದೂ ಅಪ್ಪನ ಕೈ. ಅಮ್ಮ ಬಿಸಿ ಸಾಲದು ಅಂದರೂ ಅಪ್ಪನ ಕೈ ಹೇಳಿದ್ದೇ ಕೊನೆ. ನಲವತ್ತು ವರ್ಷದ ಸಂಸಾರದಲ್ಲಿ ಅಪ್ಪನ ಮಾತು ಕೊನೆಯದಾಗಿರೋದು ಇದೊಂದೇ ವಿಷಯದಲ್ಲಿ :)

ಹಾಗಾಗಿ, ಏನು ತುಂಬಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳೋದು "ಯಾರಿಗೆ?" ಅಂತ. ಆ ಉತ್ತರ ಸಿಕ್ಕಿದ ಮೇಲೆ ಅಕ್ಕಿಯೋ ಹುರುಳಿಯೋ ಅನ್ನೋದು ಐದು ನಿಮಿಷದ ಮಾತು.

ನಿಮ್ಮ ಕಡೆ ಶಾಖಕ್ಕೆ ಏನು ಹುರೀತಿದ್ರು? ಕರಾವಳಿಯವರು, ಉತ್ತರ ಕರ್ನಾಟಕದವರು ಸ್ವಲ್ಪ ಹೇಳಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೇ ಕೇಳಿ ಹೇಳಿ, ಕೇಳುವಾಗ ಅವರ ಕೈಯನ್ನೂ ಒಮ್ಮೆ ನೋಡಿ.